ಜಪಾನಿನ ಹಳೇ ಕಂಚಿನ ಗೊಂಬೆಗಳು, ಅವನ್ನು ಮಾಡಿದ ಕೈಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಷೋಕೇಸಿನಲ್ಲಿ ಅಜ್ಜನ ಕಾಲದ ಒಂದು ಜಪಾನಿ ಕಂಚಿನ ಗೊಂಬೆ ಇದೆ, ಏನು ಎತ್ತ ಗೊತ್ತಿಲ್ಲ ಅಂತ ಕೆಲವರು ಫೋಟೊ ಕಳಿಸುತ್ತಾರೆ. ಇನ್ನು ಕೆಲವರು ಲಂಡನ್ನಿನಲ್ಲೋ ಕ್ಯೋಟೋದಲ್ಲೋ ಮ್ಯೂಸಿಯಂ ನೋಡಿ ಬಂದು ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಹುಣಸೆಹಣ್ಣಿನ ಪ್ರಶ್ನೆಯನ್ನಾದರೂ ದಯವಿಟ್ಟು ಓದಿ.

ಇವು ದೇವರ ವಿಗ್ರಹಗಳಾ, ಸುಮ್ನೆ ಅಲಂಕಾರಕ್ಕೆ ಇಡುವ ಗೊಂಬೆಗಳಾ?

ಬಹುಪಾಲು ಅಲಂಕಾರದವು. ಜಪಾನಿನಲ್ಲಿ ಇವನ್ನು ಒಕಿಮೊನೊ ಎನ್ನುತ್ತಾರೆ. ‘ಇಡುವ ವಸ್ತು’ ಅಂತ ಅದರ ಅರ್ಥ. ಜಪಾನಿ ಮನೆಗಳ ಕೋಣೆಯಲ್ಲಿ ತೊಕೊನೊಮಾ ಎನ್ನುವ ದೊಡ್ಡ ಗೂಡಿನಂಥ ಜಾಗ ಇರುತ್ತದೆ. ಅಲ್ಲಿ ಒಂದು ಚಿತ್ರ ತೂಗುಹಾಕಿ, ಒಂದಿಷ್ಟು ಹೂವು ಇಟ್ಟು, ಪಕ್ಕದಲ್ಲಿ ಇಂಥದ್ದೊಂದನ್ನು ಇಡುವುದು ವಾಡಿಕೆ.

ಆದರೆ ಇವತ್ತು ಜಗತ್ತಿನಲ್ಲೆಲ್ಲ ಹರಡಿರುವ ಹಳೇ ಜಪಾನಿ ಕಂಚಿನ ಗೊಂಬೆಗಳಲ್ಲಿ ಹೆಚ್ಚಿನವು ಆ ಗೂಡಿಗೆಂದು ಹುಟ್ಟಿದವಲ್ಲ. ಅವು ಮೇಜಿ ಕಾಲದವು. ಅಂದರೆ 1868ರಿಂದ 1912ರವರೆಗಿನವು. ಯುರೋಪು, ಅಮೆರಿಕಕ್ಕೆ ಮಾರಲೆಂದೇ ಮಾಡಿದವು. ಕೈಯಲ್ಲಿ ಕತ್ತಿ ಹಿಡಿದ ಸಮುರಾಯಿ, ಬುಟ್ಟಿ ಹೊತ್ತ ಮೀನುಗಾರ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು, ಇಂಥವರೇ ಜಾಸ್ತಿ.

ಆ ಕಾಲದಲ್ಲೇ ಯಾಕೆ ಅಷ್ಟೊಂದು ಮಾಡಿದರು?

ಈ ಗೊಂಬೆಗಳ ಕಥೆಯಲ್ಲಿ ನನಗೆ ತುಂಬ ಮುಖ್ಯ ಅನಿಸುವ ಭಾಗ ಇದು. ಕೆಲಸ ಕಳೆದುಕೊಂಡವರ ಕೈಯಿಂದ ಈ ಕಲೆ ಬಂತು.

1868ರಲ್ಲಿ ಶೋಗನ್ ಎಂಬ ಸೇನಾಧಿಪತಿಗಳ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನ ಹೊಸ ಸರ್ಕಾರ ಬಂತು. ಅದೇ ವರ್ಷ ಜಪಾನಿನ ಮೂಲ ಧರ್ಮವಾದ ಶಿಂತೋದ ದೇವಸ್ಥಾನಗಳನ್ನೂ ಬೌದ್ಧ ಮಂದಿರಗಳನ್ನೂ ಬೇರೆ ಮಾಡಬೇಕು ಅಂತ ಆದೇಶವಾಯಿತು. ಅದರ ಬೆನ್ನಿಗೇ ಬೌದ್ಧ ಮಂದಿರಗಳ ಮೇಲೆ ದಾಳಿಗಳಾದವು. ಎಷ್ಟೋ ಬುದ್ಧನ ಮೂರ್ತಿಗಳನ್ನು ಒಡೆದರು, ಸುಟ್ಟರು, ಕರಗಿಸಿದರು. ಮೂರ್ತಿ ಮಾಡಿ ಬದುಕುತ್ತಿದ್ದವರಿಗೆ ಕೆಲಸವೇ ಇಲ್ಲದಂತಾಯಿತು. ತಕಮುರಾ ಕೋಉನ್ ಎಂಬ ಶಿಲ್ಪಿ ಆಗ ಯುವಕ. ಮರದಲ್ಲಿ ಬುದ್ಧನನ್ನು ಕೆತ್ತುವ ಪರಂಪರೆಯಲ್ಲಿ ಕಲಿತವನು. ಮೈಮೇಲಿನ ಚಿನ್ನ ತೆಗೆಯಲು ಹಳೇ ಕನ್ನೋನ್ ಮೂರ್ತಿಗಳನ್ನು ಸುಡಲು ಹೊರಟಾಗ, ಅವುಗಳಲ್ಲಿ ಕೆಲವನ್ನು ಉಳಿಸಿಕೊಂಡವನು ಇವನು. ಕನ್ನೋನ್ ಅಂದರೆ ನಮ್ಮ ಅವಲೋಕಿತೇಶ್ವರ.

ಎರಡನೇ ಪೆಟ್ಟು 1876ರಲ್ಲಿ ಬಿತ್ತು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡಬಾರದು ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಸೈನಿಕರು, ಪೊಲೀಸರಿಗೆ ಮಾತ್ರ ವಿನಾಯಿತಿ. ಜಪಾನಿ ಕತ್ತಿ ಅಂದರೆ ಬರೀ ಅಲಗಲ್ಲ. ಹಿಡಿಯ ಕೆಳಗಿನ ಲೋಹದ ಬಿಲ್ಲೆ, ಹಿಡಿಯ ಮೇಲಿನ ಪುಟ್ಟ ಆಭರಣಗಳು, ತುದಿಯ ಟೊಪ್ಪಿ, ಎಲ್ಲದರಲ್ಲೂ ಚಿನ್ನ ಬೆಳ್ಳಿಯ ಸೂಕ್ಷ್ಮ ಕೆತ್ತನೆ ಇರುತ್ತಿತ್ತು. ಅದನ್ನೇ ತಲೆಮಾರುಗಳಿಂದ ಮಾಡಿಕೊಂಡು ಬಂದ ಮನೆತನಗಳಿದ್ದವು. ಒಂದು ಆಜ್ಞೆಗೆ ಅವರ ಗಿರಾಕಿಗಳೆಲ್ಲ ಮಾಯವಾದರು.

ಕೈಚಳಕ ಮಾತ್ರ ಹಾಗೇ ಇತ್ತು. ಹೊಸ ಸರ್ಕಾರಕ್ಕೆ ವಿದೇಶಿ ಹಣ ಬೇಕಿತ್ತು. 1873ರ ವಿಯೆನ್ನಾ ವಿಶ್ವ ಪ್ರದರ್ಶನದಲ್ಲಿ ಜಪಾನಿನ ಕರಕುಶಲ ವಸ್ತುಗಳಿಗೆ ಜನ ಮುಗಿಬಿದ್ದರು. ಮರುವರ್ಷವೇ ಸರ್ಕಾರದ ಬೆಂಬಲದಿಂದ ಕಿರ್ಯೂ ಕೋಶೋ ಕೈಶಾ ಎಂಬ ರಫ್ತು ಕಂಪನಿ ಹುಟ್ಟಿತು. ನ್ಯೂಯಾರ್ಕ್, ಪ್ಯಾರಿಸ್ಸಿನಲ್ಲಿ ಅದರ ಅಂಗಡಿಗಳಿದ್ದವು. ಆಮೇಲೆ 1876ರಲ್ಲಿ ಫಿಲಡೆಲ್ಫಿಯಾ, 1878ರಲ್ಲಿ ಪ್ಯಾರಿಸ್, 1893ರಲ್ಲಿ ಷಿಕಾಗೋ, 1900ರಲ್ಲಿ ಮತ್ತೆ ಪ್ಯಾರಿಸ್, ಹೀಗೆ ಒಂದರ ಹಿಂದೆ ಒಂದು ವಿಶ್ವ ಪ್ರದರ್ಶನ. ಕತ್ತಿಯ ಬಿಲ್ಲೆ ಕೆತ್ತುತ್ತಿದ್ದ ಉಳಿ ಸಮುರಾಯಿ ಗೊಂಬೆಯ ಅಂಗಿಯ ಮೇಲೆ ಹೂವು ಕೆತ್ತಲು ಶುರುಮಾಡಿತು. ನಿಜವಾದ ಸಮುರಾಯಿಗಳು ಕತ್ತಿ ಬಿಟ್ಟ ಮೇಲೆಯೇ ಕಂಚಿನ ಸಮುರಾಯಿಗಳು ಹಡಗು ಹತ್ತಿದ್ದು.

ಅದಕ್ಕೂ ಮುಂಚೆ ಜಪಾನಿನಲ್ಲಿ ಕಂಚಿನ ಕೆಲಸ ಇರಲಿಲ್ವಾ?

ಇತ್ತು. ಸಾವಿರ ವರ್ಷಕ್ಕೂ ಹಳೆಯದು. ನಾರಾ ಊರಿನ ತೋದೈಜಿ ಮಂದಿರದ ಮಹಾ ಬುದ್ಧನ ಕಣ್ಣು ತೆರೆಸುವ ಪೂಜೆ ನಡೆದದ್ದು 752ರಲ್ಲಿ. ಕುಂಚ ಹಿಡಿದು ಆ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ನಮ್ಮಲ್ಲೂ ಪ್ರತಿಷ್ಠೆಯ ಹೊತ್ತಿನಲ್ಲಿ ದೇವರಿಗೆ ಕಣ್ಣು ಬರೆಯುತ್ತಾರೆ ಅಲ್ವಾ? ಅದೇ ಶಾಸ್ತ್ರ ಅಲ್ಲೂ ನಡೆಯಿತು, ನಮ್ಮ ಕಡೆಯವರ ಕೈಯಿಂದಲೇ. ಕಾಮಕುರಾದ ಬಯಲಿನಲ್ಲಿ ಕೂತಿರುವ ದೊಡ್ಡ ಬುದ್ಧನ ಎರಕ ಶುರುವಾದದ್ದು 1252ರಲ್ಲಿ. ಎತ್ತರ 11 ಮೀಟರಿಗೂ ಜಾಸ್ತಿ, ತೂಕ ಸುಮಾರು 121 ಟನ್.

ತೊಯಾಮಾ ಪ್ರಾಂತ್ಯದ ತಕಓಕಾ ಊರಿನ ಹೆಸರೂ ನೆನಪಿರಲಿ. 1611ರಲ್ಲಿ ಮೇದಾ ತೊಶಿನಾಗಾ ಎಂಬ ದೊರೆ ಏಳು ಮಂದಿ ಎರಕದವರನ್ನು ಕರೆಸಿ ಅಲ್ಲಿ ನೆಲೆ ಕೊಟ್ಟ. ಮೊದಲು ಮಡಕೆ, ನೇಗಿಲ ಗುಳದಂಥ ಕಬ್ಬಿಣದ ಸಾಮಾನು, ಆಮೇಲೆ ಕಂಚಿನ ಕೆಲಸ. ಇವತ್ತಿಗೂ ಜಪಾನಿನ ತಾಮ್ರ, ಕಂಚಿನ ಸಾಮಾನಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ.

ಮೇಜಿಗೆ ಸ್ವಲ್ಪ ಮುಂಚಿನ ಎದೋ ಕಾಲದಲ್ಲಿ ಮುರತಾ ಸೇಯ್ಮಿನ್ ಎಂಬ ಎರಕದವನಿದ್ದ. 1837ರಲ್ಲಿ ತೀರಿಕೊಂಡ. ಅವನ ಆಮೆಗಳು ಹೆಸರುವಾಸಿ.

ಮಾಡಿದವರಲ್ಲಿ ಹೆಣ್ಣುಮಕ್ಕಳು ಇದ್ದರಾ?

ನಾಗಸಾಕಿಯ ಕಾಮೆಜೋ ಇದ್ದಳು. 18ನೇ ಶತಮಾನದವಳು. ಲಾವಕ್ಕಿಯ ಆಕಾರದ ಧೂಪದಾನಿಗಳಿಂದ ಹೆಸರು ಮಾಡಿದವಳು. ಆ ಕಾಲದ ಎರಕದವರ ಪೈಕಿ ಹೆಸರು ಉಳಿದ ಹೆಂಗಸರು ತೀರಾ ಕಡಿಮೆ.

ಎರಕ ಹೊಯ್ಯುವ ಕ್ರಮ ಹೇಗೆ? ನಮ್ಮಲ್ಲಿ ಮಾಡುವ ಹಾಗೇನಾ?

ಮೂಲ ಉಪಾಯ ಒಂದೇ. ಮೊದಲು ಜೇಡಿಮಣ್ಣಿನ ತಿರುಳು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಮೇಣ ಹಚ್ಚಿ ಗೊಂಬೆ ತಿದ್ದುತ್ತಾರೆ. ಜಪಾನಿನವರು ಜೇನುಮೇಣಕ್ಕೆ ಪೈನ್ ಮರದ ಅಂಟು ಬೆರೆಸಿ ಹದ ಮಾಡಿಕೊಳ್ಳುತ್ತಿದ್ದರು. ಮೇಣದ ಮೇಲೆ ನುಣ್ಣನೆ ಮಣ್ಣಿನ ಪದರ, ಅದರ ಮೇಲೆ ಒರಟು ಮಣ್ಣಿನ ಪದರ. ಒಣಗಿದ ಮೇಲೆ ಸುಟ್ಟರೆ ಮೇಣ ಕರಗಿ ಹೊರಗೆ ಹೋಗುತ್ತದೆ. ಆ ಖಾಲಿ ಜಾಗಕ್ಕೆ 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದ ಕಂಚನ್ನು ಹೊಯ್ಯುತ್ತಾರೆ. ಮಣ್ಣು ಒಡೆದರೆ ಗೊಂಬೆ. ಒಂದು ಮೇಣಕ್ಕೆ ಒಂದೇ ಗೊಂಬೆ. ಎರಕ ಕೆಟ್ಟರೆ ಮತ್ತೆ ಮೊದಲಿಂದ.

ಕನ್ನಡಿಗರಿಗೆ ಇದು ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಈ ಕ್ರಮ ವಿವರವಾಗಿ ಬರುತ್ತದೆ. ಮೇಣದ ತೂಕ ನೋಡಿ ಲೋಹ ಎಷ್ಟು ಬೇಕು ಅಂತ ಲೆಕ್ಕ ಹಾಕುವುದನ್ನೂ ಹೇಳಿದೆ.

ಜಪಾನಿನ ಚಿಕ್ಕ ಗೊಂಬೆಗಳ ವಿಶೇಷ ಎರಕದ ನಂತರದ ಕೆಲಸದಲ್ಲಿದೆ. ತಲೆ, ಕೈ, ಕತ್ತಿ ಬೇರೆ ಬೇರೆ ಹೊಯ್ದು ಆಮೇಲೆ ಕೂಡಿಸುವುದು ಸಾಮಾನ್ಯ. ಕೂಡಿಸಿದ ಗೆರೆಯನ್ನು ಅಂಗಿಯ ಕಾಲರಿನ ಅಡಿಯಲ್ಲೋ ತೋಳಿನ ಮಡಿಕೆಯಲ್ಲೋ ಅಡಗಿಸುತ್ತಾರೆ. ಅಲ್ಲಿಂದ ಉಳಿಯ ಕೆಲಸ. ಬಟ್ಟೆಯ ನೇಯ್ಗೆ, ಹೂಬಳ್ಳಿ, ಜಡೆಯ ಎಳೆ, ಎಲ್ಲವನ್ನೂ ಕೈಯಿಂದ ಕೊರೆಯುತ್ತಾರೆ. ಈ ಕೆಲಸವೇ ಕತ್ತಿ ಅಲಂಕಾರ ಮಾಡುತ್ತಿದ್ದವರ ಆಸ್ತಿ.

ಕೆಲವು ಕಪ್ಪು, ಕೆಲವು ಕಂದು, ಕೆಲವಕ್ಕೆ ಚಿನ್ನದ ಬಣ್ಣ. ಇದು ಪೇಂಟಾ?

ಪೇಂಟ್ ಅಲ್ಲ. ಲೋಹದ ಮೈಯನ್ನೇ ಬದಲಾಯಿಸಿ ತಂದ ಬಣ್ಣ. ಇದನ್ನು ಪಟಿನಾ ಎನ್ನುತ್ತಾರೆ. ನಾನು ಇಲ್ಲಿ ‘ಮೈಬಣ್ಣ’ ಅಂತ ಕರೆಯುತ್ತೇನೆ. ಎರಕ ಮತ್ತು ಉಳಿಯಷ್ಟೇ ಇದೂ ಮಾಡಿದವನ ಕೆಲಸ. ಅವನು ಕೊನೆಯಲ್ಲಿ ಕೈ ಹಾಕುವುದೂ ಇದಕ್ಕೇ.

ಸೂಕ್ಷ್ಮ ಕೆಲಸಕ್ಕೆ ಜಪಾನಿನವರು ಬೇರೆ ಬೇರೆ ಮಿಶ್ರಲೋಹ ಬಳಸಿದರು. ತಾಮ್ರಕ್ಕೆ ನೂರರಲ್ಲಿ ಮೂರರಿಂದ ಐದು ಭಾಗದಷ್ಟು ಚಿನ್ನ ಬೆರೆಸಿದರೆ ಶಾಕುದೋ. ಅದನ್ನು ತಾಮ್ರದ ಲವಣಗಳ ನೀರಿನಲ್ಲಿ ಕುದಿಸಿದರೆ ನೀಲಿ ನೇರಳೆ ಮಿಂಚಿನ ಕಪ್ಪು ಬರುತ್ತದೆ. ಮಳೆಯಲ್ಲಿ ನೆನೆದ ಕಾಗೆಯ ರೆಕ್ಕೆ ಅಂತ ಅವರು ಆ ಬಣ್ಣವನ್ನು ವರ್ಣಿಸುತ್ತಾರೆ. ತಾಮ್ರ ಮೂರು ಪಾಲು, ಬೆಳ್ಳಿ ಒಂದು ಪಾಲು ಸೇರಿದರೆ ಶಿಬುಇಚಿ. ಹೆಸರಿಗೇ ‘ನಾಲ್ಕರಲ್ಲೊಂದು’ ಎಂಬ ಅರ್ಥ ಇದೆ. ಅದು ಮಂಜಿನಂಥ ಬೂದು. ಕುದಿಸುವ ಮುಂಚೆ ಲೋಹದ ಮೇಲೆ ತುರಿದ ಮೂಲಂಗಿಯನ್ನು ಹಚ್ಚುತ್ತಾರೆ, ಬಣ್ಣ ಸಮವಾಗಿ ಕೂರಲಿ ಅಂತ. ದೊಡ್ಡ ಕಂಚುಗಳಿಗೆ ಹುಲ್ಲಿನ ಹೊಗೆ ಕೊಡುವುದುಂಟು. ಹಿಂದೆ ಹೆಂಗಸರು ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದ ಕಬ್ಬಿಣದ ದ್ರಾವಣವನ್ನು ಹಚ್ಚುವುದೂ ಉಂಟು.

ನಮ್ಮ ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಲ್ಲಿ ಸತು ಮತ್ತು ತಾಮ್ರದ ಮೈಯನ್ನು ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಿಂದ ಕಪ್ಪು ಮಾಡುತ್ತಾರೆ. ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಲೋಹ ಬೇರೆ, ದೇಶ ಬೇರೆ. ಆದರೆ ಒಂದೇ ನೀರಿನಲ್ಲಿ ಅದ್ದಿದಾಗ ಒಂದು ಲೋಹ ಕಪ್ಪಾಗಿ ಇನ್ನೊಂದು ಹಾಗೇ ಉಳಿಯುತ್ತದೆ ಎಂಬ ಗುಟ್ಟು ಎರಡೂ ಕಡೆಯವರಿಗೆ ಗೊತ್ತಿತ್ತು.

ಹೆಸರು ಮಾಡಿದ ಕಲಾವಿದರು ಯಾರ್ಯಾರು?

ಎಲ್ಲರನ್ನೂ ಹೇಳಲು ಹೋಗುವುದಿಲ್ಲ. ನನ್ನ ಕಣ್ಣಿಗೆ ಮತ್ತೆ ಮತ್ತೆ ಬೀಳುವವರನ್ನು ಹೇಳುತ್ತೇನೆ.

ಗೊಂಬೆ ಅಂದ ಕೂಡಲೇ ಬರುವ ಹೆಸರು ಮಿಯಾಓ. ಮಿಯಾಓ ಏಯ್ಸುಕೆ ಎಂಬಾತ ನಡೆಸುತ್ತಿದ್ದ ಕಾರ್ಯಾಗಾರ ಅದು. ಕಂದು ಕಂಚಿನ ಮೈ, ಬಟ್ಟೆ ಮತ್ತು ಕವಚದ ಮೇಲೆ ಅಲ್ಲಲ್ಲಿ ಚಿನ್ನದ ಲೇಪ, ನವಿರಾದ ಬಟ್ಟೆಯ ವಿನ್ಯಾಸ, ಕೆಳಗೆ ಅರಗಿನ ಚಿತ್ತಾರದ ಮರದ ಪೀಠ. ಸಮುರಾಯಿಗಳು, ಪುರಾಣದ ವೀರರು, ದೀಪ ಹಿಡಿದ ಭೂತಗಳು ಇವರ ಮೆಚ್ಚಿನ ವಿಷಯ. ಚಿನ್ನ ಜಾಸ್ತಿ ಆಯಿತು, ಪಶ್ಚಿಮದವರನ್ನು ಮೆಚ್ಚಿಸಲು ಮಾಡಿದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಒಳ್ಳೆಯ ಮಿಯಾಓ ಗೊಂಬೆಯ ಮುಖವನ್ನು ಹತ್ತಿರದಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ ಎಂದು ನನ್ನ ಅನಿಸಿಕೆ. ಹುಬ್ಬು ಗಂಟಿಕ್ಕಿದ ಪರಿಯಲ್ಲೇ ಒಬ್ಬೊಬ್ಬನೂ ಬೇರೆ ಮನುಷ್ಯ.

ಗೆನ್ರ್ಯೂಸಾಯ್ ಸೇಯ್ಯಾ ಎಂಬ ಸಹಿ ಬೇಕಾದಷ್ಟು ಕಡೆ ಸಿಗುತ್ತದೆ. ಆನೆ, ಹುಲಿ ಜಾಸ್ತಿ, ರೈತರು ಮಕ್ಕಳ ಗೊಂಬೆಗಳೂ ಇವೆ. ಗುಣಮಟ್ಟ ಒಂದೇ ಥರ ಇಲ್ಲ. ಹಾಗಾಗಿ ಅದನ್ನು ಒಬ್ಬ ವ್ಯಕ್ತಿಯ ಸಹಿಗಿಂತ ಒಂದು ಕಾರ್ಖಾನೆಯ ಮುದ್ರೆ ಅಂದುಕೊಂಡು ನೋಡುವುದು ಒಳ್ಳೆಯದು.

ಸುಜುಕಿ ಚೋಕಿಚಿ (1848–1919) ಬೇರೆಯದೇ ಎತ್ತರದವನು. ಕಿರ್ಯೂ ಕೋಶೋ ಕೈಶಾದ ಲೋಹದ ಕೆಲಸದ ಹೊಣೆ ಹೊತ್ತವನು. 1878ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ ಅವನ ನವಿಲಿನ ಧೂಪದಾನಿ ಆಳೆತ್ತರವನ್ನೂ ಮೀರಿದ್ದು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1893ರ ಷಿಕಾಗೋ ಪ್ರದರ್ಶನಕ್ಕೆ ಅವನು ಹನ್ನೆರಡು ಡೇಗೆಗಳನ್ನು ಮಾಡಿದ. ಪ್ಯಾರಿಸ್ಸಿನಲ್ಲಿದ್ದ ಜಪಾನಿ ವ್ಯಾಪಾರಿ ಹಯಾಶಿ ತದಮಾಸಾನ ಯೋಜನೆ ಅದು. ಹನ್ನೆರಡು ಹಕ್ಕಿಗಳು, ಹನ್ನೆರಡು ಭಂಗಿಗಳು, ಬೇರೆ ಬೇರೆ ಮೈಬಣ್ಣಗಳು. ಗೊಂಬೆಗಳ ಬಗ್ಗೆ ಬರೆಯುತ್ತಾ ಹಕ್ಕಿಗೆ ಹೋದೆ. ಆದರೆ ಕಂಚಿಗೆ ಎಷ್ಟು ಬಣ್ಣ ಬರಬಹುದು ಅಂತ ತಿಳಿಯಲು ಅವನ್ನು ಬಿಟ್ಟರೆ ಬೇರೆ ಪಾಠ ಬೇಕಿಲ್ಲ.

ಉನ್ನೋ ಶೋಮಿನ್ (1844–1915) ಕತ್ತಿಯ ಕೆಲಸದಿಂದ ಬಂದವನು. 1890ರಲ್ಲಿ ಅವನು ಮಾಡಿದ ರಾನ್‌ರ್ಯೋ-ಓ ಎಂಬ ನರ್ತಕನ ಗೊಂಬೆ ಚಕ್ರವರ್ತಿಯ ಸಂಗ್ರಹ ಸೇರಿತು. ಚೆಲುವ ರಾಜಕುಮಾರನೊಬ್ಬ ಶತ್ರುಗಳು ಹೆದರಲಿ ಅಂತ ಭಯಂಕರ ಮುಖವಾಡ ಹಾಕಿಕೊಂಡು ಯುದ್ಧಕ್ಕೆ ಹೋಗುತ್ತಿದ್ದ, ಅವನ ಕುಣಿತ ಇದು. ಗೊಂಬೆಯ ಮುಖವಾಡವನ್ನು ತೆಗೆಯಬಹುದು. ಒಳಗೆ ಮುಖ ಇದೆ! ಯಾರೂ ನೋಡದೇ ಹೋಗಬಹುದಾದ ಮುಖ. ಅದನ್ನೂ ಪೂರ್ತಿ ಮಾಡಿಟ್ಟಿದ್ದಾನೆ.

ಇನ್ನು ಓಶಿಮಾ ಜೋಉನ್ (1858–1940), ಒಕಜಾಕಿ ಸೆಸ್ಸೇಯ್ (1854–1921). ಇಬ್ಬರೂ ಟೋಕಿಯೋ ಕಲಾಶಾಲೆಯಲ್ಲಿ ಎರಕ ಕಲಿಸಿದವರು.

ಬೀದಿಯಲ್ಲಿ ನಿಲ್ಲಿಸಿದ ದೊಡ್ಡ ಪ್ರತಿಮೆಗಳನ್ನೂ ಇವರೇ ಮಾಡಿದರಾ?

ಕೆಲವನ್ನು ಹೌದು. ಸತ್ತ ನಾಯಕನ ಕಂಚಿನ ಪ್ರತಿಮೆಯನ್ನು ಚೌಕದಲ್ಲಿ ನಿಲ್ಲಿಸುವುದು ಜಪಾನಿಗೆ ಯುರೋಪಿನಿಂದ ಬಂದ ಪದ್ಧತಿ. 1876ರಲ್ಲಿ ಸರ್ಕಾರ ಒಂದು ಕಲಾಶಾಲೆ ತೆರೆದು ಇಟಲಿಯ ವಿಂಚೆಂಜೋ ರಗೂಸಾನನ್ನು ಶಿಲ್ಪ ಕಲಿಸಲು ಕರೆಸಿತು. ಅವನ ಶಿಷ್ಯ ಓಕುಮಾ ಉಜಿಹಿರೋ. 1893ರಲ್ಲಿ ಟೋಕಿಯೋದಲ್ಲಿ ನಿಂತ, ಸೇನಾ ನಾಯಕ ಓಮುರಾ ಮಸುಜಿರೋನ ಪ್ರತಿಮೆ ಇವನದು. ಜಪಾನಿನ ಮೊದಲ ಪಾಶ್ಚಾತ್ಯ ಶೈಲಿಯ ಕಂಚಿನ ಪ್ರತಿಮೆ ಅದು.

ಟೋಕಿಯೋದ ಉಏನೋ ಪಾರ್ಕಿನಲ್ಲಿ ಸೇನಾಪತಿ ಸೈಗೋ ತಕಮೋರಿಯ ಪ್ರತಿಮೆ ನಿಂತದ್ದು 1898ರಲ್ಲಿ. ಸೇನಾಪತಿಯ ಉಡುಪಿಲ್ಲ, ಕುದುರೆ ಇಲ್ಲ. ಮಾಮೂಲಿ ಅಂಗಿ, ಪಕ್ಕದಲ್ಲಿ ನಾಯಿ. ಅದರ ಶಿಲ್ಪಿ ಆ ಕನ್ನೋನ್ ಮೂರ್ತಿಗಳನ್ನು ಉಳಿಸಿದ ತಕಮುರಾ ಕೋಉನ್. ನಾಯಿ ಗೋತೋ ಸದಯುಕಿಯದು. ಎರಕ ಒಕಜಾಕಿ ಸೆಸ್ಸೇಯ್‌ದು. ಕೋಉನ್ ಹಳೇ ಅಭ್ಯಾಸದಂತೆ ಮೊದಲು ಮರದಲ್ಲಿ ಕೆತ್ತಿದ, ಅದರಿಂದ ಎರಕ ತೆಗೆದರು. ಚಕ್ರವರ್ತಿಯ ಅರಮನೆಯ ಹೊರಗಿನ, ಹಳೇ ಕಾಲದ ಯೋಧ ಕುಸುನೋಕಿ ಮಸಶಿಗೆಯ ಕುದುರೆ ಸವಾರಿ ಪ್ರತಿಮೆಯೂ ಇದೇ ತಂಡದ್ದು. ಅದನ್ನು ಕೊಟ್ಟದ್ದು ಸುಮಿತೊಮೊ ಮನೆತನ, ತಮ್ಮ ಬೆಸ್ಶಿ ತಾಮ್ರದ ಗಣಿಗೆ 200 ವರ್ಷ ತುಂಬಿದ ನೆನಪಿಗೆ.

ಆಮೇಲಿನ ತಲೆಮಾರು ಫ್ರಾನ್ಸಿನ ಶಿಲ್ಪಿ ರೋಡಿನ್‌ನ ಶಿಲ್ಪಗಳನ್ನು ನೋಡಿ ಬೆಳೆಯಿತು. ಒಗಿವಾರಾ ಮೋರಿಎ ಮೂವತ್ತು ದಾಟಿದ್ದಷ್ಟೇ, 1910ರಲ್ಲಿ ತೀರಿಕೊಂಡ. ಅದೇ ವರ್ಷ ಮಾಡಿದ ‘ಹೆಣ್ಣು’ ಎಂಬ ಶಿಲ್ಪ ಉಳಿದಿದೆ. ಮಂಡಿಯೂರಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖ ಮೇಲೆತ್ತಿದ ಹೆಂಗಸು. ರಫ್ತಿನ ಗೊಂಬೆಗಳ ನಾಜೂಕು ಅದರಲ್ಲಿ ಇಲ್ಲ. ಮೈಯೆಲ್ಲ ತವಕ.

ಜಪಾನಿನಲ್ಲೇ ಹಳೇ ಕಂಚು ಕಡಿಮೆ ಅಂತಾರೆ, ಯಾಕೆ?

ಒಂದು ಕಾರಣ, ರಫ್ತಾಗಿದ್ದು. ಫ್ರಾನ್ಸಿನ ಆನ್ರಿ ಸೆರ್ನುಸ್ಕಿ 1870ರ ದಶಕದ ಶುರುವಿನಲ್ಲೇ ಬಂದು ಸಾವಿರಗಟ್ಟಲೆ ವಸ್ತು ಕೊಂಡ. ಟೋಕಿಯೋದ ಮೆಗುರೋ ಭಾಗದ ಬಾನ್‌ರ್ಯೂಜಿ ಮಂದಿರದ ದೊಡ್ಡ ಬುದ್ಧನನ್ನೇ ಪ್ಯಾರಿಸ್ಸಿಗೆ ಸಾಗಿಸಿದ. ಅವನ ಮನೆ ಈಗ ಮ್ಯೂಸಿಯಂ. ಬುದ್ಧ ಅಲ್ಲೇ ಕೂತಿದ್ದಾನೆ.

ಇನ್ನೊಂದು ಕಾರಣ ಯುದ್ಧ. 1941ರಲ್ಲಿ ಲೋಹ ಒಪ್ಪಿಸಬೇಕು ಅಂತ ಆದೇಶ ಬಂತು. ಮಂದಿರದ ಗಂಟೆ, ಮನೆಯ ಪಾತ್ರೆ, ಚೌಕದ ಪ್ರತಿಮೆ, ಯಾವುದನ್ನೂ ಬಿಡಲಿಲ್ಲ. ಟೋಕಿಯೋದ ಶಿಬುಯಾ ಸ್ಟೇಷನ್ನಿನಲ್ಲಿ, ಸತ್ತ ಯಜಮಾನನಿಗಾಗಿ ವರ್ಷಗಟ್ಟಲೆ ಕಾದ ಹಚಿಕೋ ನಾಯಿಯ ಪ್ರತಿಮೆ ಎಲ್ಲರಿಗೂ ಗೊತ್ತಲ್ವಾ? ಆಂದೋ ತೇರು 1934ರಲ್ಲಿ ಮಾಡಿದ ಮೂಲ ಪ್ರತಿಮೆ ಯುದ್ಧದಲ್ಲಿ ಕರಗಿಹೋಯಿತು. ಈಗ ಜನ ಫೋಟೊ ತೆಗೆಸಿಕೊಳ್ಳುವುದು 1948ರಲ್ಲಿ ಅವನ ಮಗ ಮಾಡಿದ್ದರ ಜೊತೆ.

ಗೊಂಬೆಯಲ್ಲಿರುವುದು ಯಾರು ಅಂತ ಹೇಗೆ ತಿಳಿಯೋದು?

ಕೈಯಲ್ಲಿ ಏನಿದೆ ನೋಡಿ. ಗಾಳದ ಕೋಲು, ಕಂಕುಳಲ್ಲಿ ದೊಡ್ಡ ಮೀನು ಇದ್ದರೆ ಎಬಿಸು. ಭುಜದ ಮೇಲೆ ಕಪ್ಪೆ ಕೂತಿದ್ದರೆ ಗಾಮಾ ಸೆನ್ನಿನ್ ಎಂಬ ಋಷಿ. ಗಡ್ಡ, ಉಬ್ಬಿದ ಕಣ್ಣು, ಕೈಯಲ್ಲಿ ಕತ್ತಿ, ಕಾಲಡಿಯಲ್ಲಿ ಭೂತ ಇದ್ದರೆ ಶೋಕಿ. ಬೋಳು ತಲೆ, ದೊಡ್ಡ ಹೊಟ್ಟೆ, ಚೀಲ, ನಗು ಇದ್ದರೆ ಹೊತೇಯ್.

ನಮ್ಮ ಓದುಗರಿಗೆ ಖುಷಿಯಾಗುವ ವಿಷಯ ಒಂದಿದೆ. ಜಪಾನಿನ ಏಳು ಅದೃಷ್ಟ ದೇವತೆಗಳಲ್ಲಿ ಮೂವರು ನಮ್ಮವರು. ವೀಣೆಯಂಥ ವಾದ್ಯ ಹಿಡಿದ ಬೆನ್‌ಜೈತೆನ್ ಅಂದರೆ ಸರಸ್ವತಿ. ಕವಚ ತೊಟ್ಟ ಬಿಶಾಮೊನ್‌ತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ. ಅಕ್ಕಿ ಮೂಟೆಯ ಮೇಲೆ ನಿಂತು ಸುತ್ತಿಗೆ ಹಿಡಿದು ನಗುವ ದೈಕೊಕು ಮೂಲದಲ್ಲಿ ಮಹಾಕಾಲ! ದಾರಿಯಲ್ಲಿ ಅವನ ಸಿಟ್ಟೆಲ್ಲ ಇಳಿದು ಅಡುಗೆಮನೆಯ ದೇವರಾದ.

ಅಡಿಯಲ್ಲಿ ಕೊರೆದಿರುವ ಅಕ್ಷರ ಏನು?

ಸಾಮಾನ್ಯವಾಗಿ ಮಾಡಿದವನ ಕಲಾನಾಮ. ಕೊನೆಯ ಅಕ್ಷರ ‘ಜೋ’ ಅಥವಾ ‘ಸಾಕು’ ಇದ್ದರೆ ಇಂಥವನು ಮಾಡಿದ್ದು ಎಂದರ್ಥ. ‘ಚೂ’ ಅಂದರೆ ಎರಕ ಹೊಯ್ದದ್ದು, ‘ಕೊಕು’ ಅಂದರೆ ಕೆತ್ತಿದ್ದು. ಹೆಸರಿನ ಮುಂದೆ ‘ದಾಯ್ ನಿಪ್ಪೋನ್’, ಅಂದರೆ ಮಹಾ ಜಪಾನ್, ಅಂತ ಇದ್ದರೆ ಅದು ಬಹುಮಟ್ಟಿಗೆ ಮೇಜಿ ಕಾಲದ ಹೆಮ್ಮೆ. ಇಂಗ್ಲಿಷಿನಲ್ಲಿ ದೇಶದ ಹೆಸರು ಒತ್ತಿದ್ದರೆ ಅದು ಅಮೆರಿಕಕ್ಕೆ ಹೋದ ಸಾಮಾನಾಗಿರಬಹುದು. ಹೊರಗಿನಿಂದ ಬರುವ ವಸ್ತುಗಳ ಮೇಲೆ ದೇಶದ ಹೆಸರು ಇರಬೇಕು ಅಂತ ಅಲ್ಲಿ 1890ರಲ್ಲಿ ಕಾನೂನಾಯಿತು.

ಸಹಿ ಇಲ್ಲದಿದ್ದರೆ ಬೆಲೆ ಇಲ್ವಾ?

ಹಾಗೇನಿಲ್ಲ. ತುಂಬ ಒಳ್ಳೆಯ ಗೊಂಬೆಗಳು ಸಹಿ ಇಲ್ಲದೆ ಬಂದಿವೆ. ಸುಳ್ಳು ಸಹಿ ಇರುವ ಕಳಪೆ ಗೊಂಬೆಗಳೂ ಬೇಕಾದಷ್ಟಿವೆ. ಮೊದಲು ಕೆಲಸ ನೋಡಿ, ಆಮೇಲೆ ಸಹಿ ಓದಿ.

ನಕಲಿ ಹೇಗೆ ಗುರುತಿಸಬೇಕು?

ಎತ್ತಿ ನೋಡಿ. ಕಂಚು ಕೈಗೆ ತಣ್ಣಗೆ ತಾಗುತ್ತದೆ. ಕಂಚಿನ ಪುಡಿ ಬೆರೆಸಿದ ರಾಳದ ಗೊಂಬೆ ಬೆಚ್ಚಗಿರುತ್ತದೆ, ಬೆರಳಿನಿಂದ ತಟ್ಟಿದರೆ ಮೊದ್ದು ಸದ್ದು ಬರುತ್ತದೆ. ಸತುವಿನ ಗೊಂಬೆಗೆ ಕಂಚಿನ ಬಣ್ಣ ಕೊಟ್ಟಿದ್ದರೆ ಸವೆದ ಕಡೆ ಬಿಳಿ ಬೂದು ಲೋಹ ಕಾಣುತ್ತದೆ. ಕಂಚು ಸವೆದರೆ ಕೆಂಪು ಹಳದಿ ಕಾಣಬೇಕು. ಪರೀಕ್ಷೆಗೆ ಅಂತ ನೀವೇ ಕೆರೆಯಬೇಡಿ. ಪೀಠದ ಅಂಚಿನಲ್ಲಿ ಸವೆದ ಜಾಗ ಇದ್ದೇ ಇರುತ್ತದೆ.

ಕಷ್ಟವಾದದ್ದು ನಿಜವಾದ ಗೊಂಬೆಯಿಂದಲೇ ಅಚ್ಚು ತೆಗೆದು ಹೊಯ್ದ ನಕಲು. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಅದು ಮೂಲಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಬಟ್ಟೆಯ ವಿನ್ಯಾಸ ನೋಡಿ. ಉಳಿಯಿಂದ ಕೊರೆದ ಗೆರೆಗೆ ಚೂಪಾದ ಅಂಚಿರುತ್ತದೆ. ಅಚ್ಚಿನಲ್ಲಿ ಬಂದ ಗೆರೆ ಸಾಬೂನಿನ ಮೇಲೆ ಬರೆದ ಹಾಗೆ ಮೊಂಡಾಗಿರುತ್ತದೆ.

ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯಬಹುದಾ?

ಬೇಡ. ದಯವಿಟ್ಟು ಬೇಡ. ಪೀತಾಂಬರಿ ಪುಡಿ ಬೇಡ, ನಿಂಬೆಹುಳಿ ಬೇಡ, ಬೂದಿ ಬೇಡ, ಅಂಗಡಿಯಲ್ಲಿ ಸಿಗುವ ಪಾಲಿಷ್ ಕೂಡ ಬೇಡ.

ನಮ್ಮ ಮನೆಗಳಲ್ಲಿ ಹಿತ್ತಾಳೆ ದೀಪ ಫಳಫಳ ಹೊಳೆಯಬೇಕು. ಅದು ನಮ್ಮ ಪದ್ಧತಿ, ದೀಪಕ್ಕೆ ಅದೇ ಸರಿ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಒಂದು ಗೇಣೆತ್ತರದ ಕಂಚಿನ ರೈತ ಇದ್ದ. ಹೆಗಲ ಮೇಲೆ ಗುದ್ದಲಿ, ತಲೆಗೆ ಸುತ್ತಿದ ಬಟ್ಟೆ. ಕಡು ಕಂದು ಮೈ, ಬಟ್ಟೆಗೆ ಮಾತ್ರ ಸ್ವಲ್ಪ ತಿಳಿ ಬಣ್ಣ. ಒಂದು ಗೌರಿ ಹಬ್ಬಕ್ಕೆ ದೀಪಗಳ ಜೊತೆ ಅವನನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿದರು. ಪ್ರೀತಿಯಿಂದಲೇ ಮಾಡಿದ್ದು. ಆಮೇಲೆ ನೋಡಿದರೆ ಮುಖ, ಬಟ್ಟೆ, ಗುದ್ದಲಿ ಎಲ್ಲ ಒಂದೇ ಹಳದಿ. ಎರಡು ಬಣ್ಣ ಕೂಡಿಸಿ ಬಟ್ಟೆಯನ್ನೂ ಚರ್ಮವನ್ನೂ ಬೇರೆ ಮಾಡಿದ್ದ ಆ ಕೆಲಸ ಹೋಗಿಬಿಟ್ಟಿತ್ತು. ಅದು ಮತ್ತೆ ಬರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹುಳಿ ಮಾಡುವುದು ಇಷ್ಟೇ. ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ದೀಪದ ಮೇಲೆ ಆ ಪದರ ಕಿಲುಬು. ಈ ಗೊಂಬೆಯ ಮೇಲೆ ಆ ಪದರವೇ ಚಿತ್ರ.

ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಎತ್ತುವಾಗ ಕೈ ಬೆವರಿರಬಾರದು, ಹತ್ತಿಯ ಗ್ಲೌಸ್ ಇದ್ದರೆ ಒಳ್ಳೆಯದು. ಕತ್ತಿ, ಕೋಲು, ತೋಳು ಹಿಡಿದು ಎತ್ತಬೇಡಿ. ಅವು ಬೇರೆ ಹೊಯ್ದು ಕೂಡಿಸಿದ ಭಾಗಗಳು. ಪೀಠದ ಅಡಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಎತ್ತಿ.

ಅಲ್ಲಲ್ಲಿ ತಿಳಿಹಸಿರು ಪುಡಿ ಕಾಣಿಸುತ್ತಿದೆ. ಏನು ಮಾಡಲಿ?

ಗಟ್ಟಿಯಾಗಿ ಅಂಟಿಕೊಂಡ ಹಸಿರಿಗೆ ಹೆದರಬೇಕಿಲ್ಲ. ಮುಟ್ಟಿದರೆ ಉದುರುವ ಪೇಲವ ಹಸಿರು ಪುಡಿ ಮಾತ್ರ ಕೆಟ್ಟದ್ದು. ಉಪ್ಪಿನ ಅಂಶ ಲೋಹದೊಳಗೆ ಸೇರಿ, ತೇವ ಸಿಕ್ಕಾಗಲೆಲ್ಲ ತಿನ್ನುತ್ತಾ ಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಇದರ ಮೇಲೆ ಕಣ್ಣಿಡಬೇಕು. ಆ ಗೊಂಬೆಯನ್ನು ಉಳಿದವುಗಳಿಂದ ಬೇರೆ ಮಾಡಿ. ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಒಣಗಿಡಿ. ಮ್ಯೂಸಿಯಂ ಕೆಲಸ ಗೊತ್ತಿರುವ ಲೋಹ ಸಂರಕ್ಷಕರಿಗೆ ತೋರಿಸಿ. ನೀವೇ ಎಣ್ಣೆ ಹಚ್ಚಬೇಡಿ.

ಬೆಲೆ ಎಷ್ಟು ಬರಬಹುದು?

ಫೋಟೊ ನೋಡಿ ಬೆಲೆ ಹೇಳುವುದು ನನ್ನ ಕೆಲಸವಲ್ಲ. ಕೆಲಸದ ನಾಜೂಕು, ಮೂಲ ಮೈಬಣ್ಣ, ಕೈಯಲ್ಲಿದ್ದ ಆಯುಧ ಉಳಿದಿದೆಯೇ, ಮೂಲ ಪೀಠ ಇದೆಯೇ, ಇವು ಬೆಲೆ ತೀರ್ಮಾನಿಸುತ್ತವೆ. ಮಾಡಿದವನ ಬರಹ ಇರುವ ಮರದ ಪೆಟ್ಟಿಗೆ ಸಿಕ್ಕರೆ ಎಸೆಯಬೇಡಿ. ಎಷ್ಟೇ ಹಳೆಯದಾಗಿ ಕಂಡರೂ ಅದ‍ನ್ನು ಗೊಂಬೆಯ ಜೊತೆಗೇ ಇಡಿ.

ಕೊಳ್ಳುವಾಗ, ಸಾಗಿಸುವಾಗ ಕಾನೂನಿನ ತೊಡಕು ಇದೆಯಾ?

ಇದೆ. ಭಾರತದಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಗೊಂಬೆಯನ್ನು ಅಮೆರಿಕದ ಮಗನ ಮನೆಗೆ ಸೂಟ್‌ಕೇಸಿನಲ್ಲಿ ಹಾಕುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಮುಖ ಅಥವಾ ಕೈ ದಂತದ್ದಾದರೆ ಕೊಳ್ಳಲೇಬೇಡಿ. ನಮ್ಮಲ್ಲಿ ದಂತದ ವ್ಯಾಪಾರ ಅಪರಾಧ.

ಇವನ್ನು ಎಲ್ಲಿ ನೋಡಬಹುದು?

ಹತ್ತಿರದ್ದು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ. ಅಲ್ಲಿನ ಜಪಾನ್ ವಿಭಾಗದಲ್ಲಿ ಕಂಚೂ ಇದೆ. ಜಪಾನಿಗೆ ಹೋಗುವವರು ಕ್ಯೋಟೋದ ಕಿಯೋಮಿಜು ಸನ್ನೆನ್‌ಜಾಕಾ ಮ್ಯೂಸಿಯಂ ಬಿಡಬೇಡಿ. ಮೇಜಿ ಕಾಲದ ಕೈಕೆಲಸಕ್ಕೇ ಮೀಸಲಾದ ಪುಟ್ಟ ಜಾಗ. ಸುಜುಕಿ ಚೋಕಿಚಿಯ ಡೇಗೆಗಳು ಕನಜಾವಾದ ರಾಷ್ಟ್ರೀಯ ಕರಕುಶಲ ಮ್ಯೂಸಿಯಂ ಸಂಗ್ರಹದಲ್ಲಿವೆ. ಯಾವಾಗಲೂ ಹೊರಗೆ ಇಟ್ಟಿರುವುದಿಲ್ಲ, ಕೇಳಿಕೊಂಡು ಹೋಗಿ.

ನಾನು ಹೊಸಬ. ಗೊಂಬೆ ಎದುರಿಗಿದ್ದರೆ ಮೊದಲು ಏನು ನೋಡಲಿ?

ಮುಖ ಕೊನೆಗೆ ನೋಡಿ. ಮೊದಲು ಕೈ ಬೆರಳುಗಳು. ಒಂದೊಂದು ಬೆರಳೂ ಬೇರೆಯಾಗಿ ಹಿಡಿತದಲ್ಲಿದೆಯಾ, ಉಗುರು ಇದೆಯಾ ನೋಡಿ. ಆಮೇಲೆ ಕಾಲಿನ ಹುಲ್ಲು ಚಪ್ಪಲಿಯ ದಾರ. ಆಮೇಲೆ ಬೆನ್ನು. ಗೋಡೆಗೆ ಒರಗುವ ಬೆನ್ನಿನ ಮೇಲೂ ಎದುರಿನಷ್ಟೇ ಕೆಲಸ ಇದ್ದರೆ ಒಳ್ಳೆಯ ಕೈ ಅದು. ಕೊನೆಗೆ ದೀಪ ಆರಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಇಷ್ಟು ಹೊತ್ತು ಕಾಣದಿದ್ದ ಬಟ್ಟೆಯ ಹೂವುಗಳು ಒಂದೊಂದಾಗಿ ಮೇಲೆ ಬರುತ್ತವೆ. ಮೊಬೈಲಿನ ಟಾರ್ಚೇ ಸಾಕು.